ಮಳೆ ಬಂದ ಮೇಲೆ ಹೋದ ಜಮೀನು: ‘ದೋ ಬಿಘಾ ಜಮೀನ್’ ಚಿತ್ರದ ಒಂದು ಸಾಲದ ಪ್ರಕರಣ

1953ರ ‘ದೋ ಬಿಘಾ ಜಮೀನ್’ ಅಂದರೆ ಬರಗಾಲದ ಸಿನಿಮಾ ಅಂತಲೇ ಎಲ್ಲರ ಮಾತು. ನನ್ನ ತಲೆಯಲ್ಲೂ ಅದು ಹಾಗೇ ಉಳಿದಿತ್ತು. ಬಿರುಕು ಬಿಟ್ಟ ನೆಲ, ಆಕಾಶ ನೋಡುತ್ತಾ ನಿಂತ ರೈತ. ಇತ್ತೀಚೆಗೆ ಮತ್ತೆ ಕೂತು ನೋಡಿದೆ. ಚಿತ್ರ ಶುರುವಾದ ಸ್ವಲ್ಪ ಹೊತ್ತಿಗೇ ಮಳೆ ಬಂದುಬಿಡುತ್ತದೆ! ವರ್ಷಗಟ್ಟಲೆ ಕಾದ ಮಳೆ. ಊರಿಗೆ ಊರೇ ಕುಣಿಯುತ್ತದೆ, ಹಾಡುತ್ತದೆ. ಶಂಭು ಮಹತೋ ಮತ್ತು ಅವನ ಹೆಂಡತಿ ಪಾರೋ ಮುಖದಲ್ಲಿ ಇನ್ನು ಬದುಕಿಕೊಂಡೆವು ಅನ್ನುವ ನಗು. ಬರ ಅಲ್ಲಿಗೆ ಮುಗಿಯಿತು. ಶಂಭುವಿನ ಜಮೀನು ಹೋಗುವುದು ಅದಾದ ಮೇಲೆ.

ಇದು ನನ್ನನ್ನು ತುಂಬಾ ದಿನ ಕಾಡಿತು. ಬರಗಾಲದಲ್ಲಿ ಕೈಬಿಡದ ಭೂಮಿ ಮಳೆ ಬಂದ ವರ್ಷ ಕೈಬಿಟ್ಟಿದ್ದು ಹೇಗೆ? ಹಾಗಾಗಿ ಈ ಸಲ ಸಿನಿಮಾವನ್ನು ಕಥೆ ಅಂತ ನೋಡದೆ, ಸಾಲದ ಕಡತ ಓದುವ ಹಾಗೆ ನೋಡಿದೆ. ಎಷ್ಟು ಸಾಲ, ಯಾರ ಲೆಕ್ಕ, ಎಷ್ಟು ವಾಯಿದೆ, ದುಡ್ಡು ಎಲ್ಲಿ ಬಂತು, ಎಲ್ಲಿ ಸೋರಿತು. ಹಾಗೆ ನೋಡಿದರೆ ಇದು ಒಂದು ಸಂಸಾರದ ಮೂರು ತಿಂಗಳ ಪ್ರಕರಣ.

ಜಮೀನು, ಮಿಲ್ಲು, ಠಾಕೂರ

ಮೊದಲು ಆಸ್ತಿ. ಎರಡು ಬಿಘಾ ನೆಲ. ಬಿಘಾ ಅಳತೆ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಬಂಗಾಳದ ಲೆಕ್ಕ ಹಿಡಿದರೆ ಒಂದು ಬಿಘಾ ಅಂದರೆ ಎಕರೆಯ ಮೂರನೇ ಒಂದು ಭಾಗ. ಎರಡು ಬಿಘಾ ಅಂದರೆ ಸುಮಾರು 26 ಗುಂಟೆ. ಮುಕ್ಕಾಲು ಎಕರೆಯೂ ಇಲ್ಲ. ಅದರ ಮೇಲೆ ನಾಲ್ಕು ಹೊಟ್ಟೆ: ಶಂಭು, ಪಾರೋ, ಮಗ ಕನ್ಹಯ್ಯಾ, ವಯಸ್ಸಾದ ಅಪ್ಪ ಗಂಗೂ. ಐದನೆಯದು ಪಾರೋ ಹೊಟ್ಟೆಯಲ್ಲಿದೆ.

ಈ ನೆಲದ ತೊಂದರೆ ಒಂದೇ. ಅದು ಠಾಕೂರ ಹರನಾಮ್ ಸಿಂಗನ ದೊಡ್ಡ ಜಮೀನಿನ ನಡುವೆ ಇದೆ. ಠಾಕೂರ ಪಟ್ಟಣದ ವ್ಯಾಪಾರಿಗಳ ಜೊತೆ ಮಾತಾಡಿ ಅಲ್ಲಿ ಮಿಲ್ಲು ಕಟ್ಟಿಸಲು ಒಪ್ಪಿಕೊಂಡಿದ್ದಾನೆ. ಶಂಭುವಿನ ತುಂಡು ಸಿಗದೆ ಮಿಲ್ಲು ಏಳುವುದಿಲ್ಲ. ಸಿಗುತ್ತದೆ ಅಂತ ಅವನಿಗೆ ಅನುಮಾನವೇ ಇಲ್ಲ, ಯಾಕೆಂದರೆ ಶಂಭು ಅವನ ಸಾಲಗಾರ.

ಚಿತ್ರ ಬಂದ ಕಾಲವನ್ನು ಇಲ್ಲಿ ನೆನಪಿಸಿಕೊಳ್ಳಬೇಕು. 1793ರಲ್ಲಿ ಕಾರ್ನ್‌ವಾಲಿಸ್ ತಂದ ಕಾಯಂ ಗುತ್ತಾ ಪದ್ಧತಿ ಬಂಗಾಳ, ಬಿಹಾರದ ಜಮೀನ್ದಾರರನ್ನು ಗಟ್ಟಿಯಾಗಿ ಕೂರಿಸಿತ್ತು. ಅದನ್ನು ಕಿತ್ತುಹಾಕುವ ಕಾನೂನು ಬಿಹಾರದಲ್ಲಿ 1950ರದು, ಪಶ್ಚಿಮ ಬಂಗಾಳದಲ್ಲಿ 1953ರದು. ಅಂದರೆ ಈ ಸಿನಿಮಾ ತೆರೆಗೆ ಬಂದ ವರ್ಷ ಜಮೀನ್ದಾರಿ ಕಾಗದದ ಮೇಲೆ ಸಾಯುತ್ತಿತ್ತು. ಹರನಾಮ್ ಸಿಂಗನನ್ನು ಹಳೇ ಕಾಲದ ದುಷ್ಟ ಅಂತಷ್ಟೇ ನೋಡಿದರೆ ಸಾಲದು. ಅವನು ಮುಂದಿನ ಕಾಲಕ್ಕೆ ದಾಟಿಕೊಳ್ಳುತ್ತಿರುವ ಮನುಷ್ಯ. ಗೇಣಿ ಎತ್ತುತ್ತಿದ್ದವನು ಮಿಲ್ಲಿನ ಪಾಲುದಾರ ಆಗುತ್ತಿದ್ದಾನೆ. ಶಂಭುವಿನ ಬೆಳೆ ಅವನಿಗೆ ಬೇಡ, ಶಂಭುವಿನ ದುಡಿಮೆಯೂ ಇನ್ನು ಅಷ್ಟಾಗಿ ಬೇಡ. ಜಾಗ ಬೇಕು. ಸಾಲಗಾರನನ್ನು ಎಷ್ಟು ವರ್ಷ ಬೇಕಾದರೂ ಸಾಲಗಾರನಾಗಿಯೇ ಇಟ್ಟುಕೊಳ್ಳುತ್ತಿದ್ದವನು ಇದ್ದಕ್ಕಿದ್ದಂತೆ ‘ನಾಳೆ ಬೆಳಿಗ್ಗೆ ದುಡ್ಡು ತಂದಿಡು’ ಅನ್ನುವುದು ಅದಕ್ಕೇ.

65 ಮತ್ತು 235

ಶಂಭು ಮನೆಗೆ ಬಂದು ಮಗನ ಜೊತೆ ಕೂತು ಲೆಕ್ಕ ಹಾಕುತ್ತಾನೆ. ಈ ದೃಶ್ಯ ನನಗೆ ತುಂಬಾ ಇಷ್ಟ. ಅಪ್ಪನಿಗೆ ಅಕ್ಷರ ಬರುವುದಿಲ್ಲ, ಆದರೆ ಯಾವ ವರ್ಷ ಏನು ತಂದೆ, ಏನು ಕೊಟ್ಟೆ ಅನ್ನುವುದು ನೆನಪಿದೆ. ಮಗನಿಗೆ ಕೂಡಿ ಕಳೆಯುವುದು ಗೊತ್ತು. ಇಬ್ಬರೂ ಸೇರಿ ತಲುಪುವ ಮೊತ್ತ 65 ರೂಪಾಯಿ. ಆಮೇಲೆ ಮನೆಯಲ್ಲಿ ಮಾರಲು ಬರುವುದನ್ನೆಲ್ಲ ಮಾರುತ್ತಾರೆ. ಪಾರೋ ಕಿವಿಯ ಓಲೆಯೂ ಹೋಗುತ್ತದೆ.

ಠಾಕೂರನ ಮನೆಯಲ್ಲಿ ಗುಮಾಸ್ತ ಪುಸ್ತಕ ತೆಗೆದು ಓದುವ ಮೊತ್ತ 235 ರೂಪಾಯಿ 8 ಆಣೆ. (ಆಗ ರೂಪಾಯಿಗೆ 16 ಆಣೆ.)

ವ್ಯತ್ಯಾಸ 170 ರೂಪಾಯಿ 8 ಆಣೆ. ಇದನ್ನು ಬಡ್ಡಿ ಅಂತ ಒಪ್ಪಿಕೊಳ್ಳೋಣ, ಸುಮ್ನೆ ಒಂದು ಲೆಕ್ಕಕ್ಕೆ. ರೂಪಾಯಿಗೆ ತಿಂಗಳಿಗೆ ಒಂದಾಣೆ ಬಡ್ಡಿ ಇಡೋಣ. ವರ್ಷಕ್ಕೆ ಶೇಕಡ 75 ಆಗುವ ಕುತ್ತಿಗೆ ಕೊಯ್ಯುವ ದರ ಅದು. 65 ರೂಪಾಯಿಗೆ ತಿಂಗಳಿಗೆ 65 ಆಣೆ, ಅಂದರೆ 4 ರೂಪಾಯಿ 1 ಆಣೆ. ಈ ದರದಲ್ಲೂ ಬಡ್ಡಿಯೇ 170 ರೂಪಾಯಿ ದಾಟಬೇಕಾದರೆ ಸುಮಾರು 42 ತಿಂಗಳು ಬೇಕು. ಆ ಮೂರೂವರೆ ವರ್ಷದಲ್ಲಿ ಶಂಭು ಒಂದು ಕಾಸೂ ತೀರಿಸಿರಬಾರದು, ಒಂದು ದಿನವೂ ಠಾಕೂರನ ಹೊಲದಲ್ಲಿ ದುಡಿದಿರಬಾರದು. ಅವನು ದುಡಿದಿದ್ದ. ದುಡಿಮೆಯಿಂದಲೇ ಸಾಲ ತೀರಿಸುತ್ತಾ ಬಂದಿದ್ದೇನೆ ಅಂತ ನಂಬಿಕೊಂಡಿದ್ದ. ಆ ದುಡಿಮೆ ಪುಸ್ತಕಕ್ಕೆ ಏರಿರಲೇ ಇಲ್ಲ. ಅದರ ಜೊತೆಗೆ ಗುಮಾಸ್ತ ಅಂಕಿಯನ್ನೂ ತಿದ್ದಿದ್ದ.

ತಿದ್ದಿದ್ದು ಮೋಸ, ಅದು ಎಲ್ಲರಿಗೂ ಕಾಣುತ್ತದೆ. ನನಗೆ ಅದಕ್ಕಿಂತ ಜಾಸ್ತಿ ಭಯ ಹುಟ್ಟಿಸುವುದು ಆ ಬರೆಯದೇ ಬಿಟ್ಟ ದುಡಿಮೆ. ತಿದ್ದಿದ ಅಂಕಿಯನ್ನು ಎಂದಾದರೂ ಯಾರಾದರೂ ಹಿಡಿಯಬಹುದು. ಬರೆಯದೇ ಇದ್ದದ್ದನ್ನು ಎಲ್ಲಿಂದ ಹಿಡಿಯುವುದು? ಕೊಟ್ಟಿದ್ದು ಠಾಕೂರನ ಪುಸ್ತಕದಲ್ಲಿದೆ, ತೀರಿಸಿದ್ದು ಶಂಭುವಿನ ಮೈಯಲ್ಲಿದೆ. ಹಾಲೋಗರ ಉಂಡು ಮಾಡಿದ ಸಾಲ ಅಲ್ಲ ಇದು. ಬರದಲ್ಲಿ ಜೀವ ಉಳಿಸಿಕೊಳ್ಳಲು ಆಗಾಗ ತಂದ ಚೂರುಪಾರು ಸಾಲ.

ಬೇರೆ ಕಡೆ ಸಾಲ ತರಬಹುದಿತ್ತಲ್ಲ ಅಂತ ಈಗ ಕೇಳುವುದು ಸುಲಭ. ಅದೇ ಹೊತ್ತಿನಲ್ಲಿ ರಿಸರ್ವ್ ಬ್ಯಾಂಕ್ ಇಡೀ ದೇಶದ ಹಳ್ಳಿಗಳ ಸಾಲದ ಸಮೀಕ್ಷೆ ಮಾಡಿಸಿತ್ತು. 1951-52ರ ಲೆಕ್ಕ ಅದು, ವರದಿ ಬಂದಿದ್ದು 1954ರಲ್ಲಿ. ರೈತರು ಮಾಡಿದ ಸಾಲದಲ್ಲಿ ಸಹಕಾರ ಸಂಘಗಳಿಂದ ಬಂದಿದ್ದು ಶೇಕಡ 3ರ ಆಸುಪಾಸು. ಬ್ಯಾಂಕುಗಳಿಂದ ಶೇಕಡ 1ಕ್ಕೂ ಕಡಿಮೆ. ಹತ್ತಿರ ಹತ್ತಿರ ಶೇಕಡ 70 ಲೇವಾದೇವಿಯವರ ಕೈಯಿಂದ. ಶಂಭುವಿಗೆ ಬೇರೆ ಬಾಗಿಲು ಇರಲಿಲ್ಲ.

ನಿಜ ಹೇಳಿ ಸೋತ ಕೇಸು

ಶಂಭು ಹೆದರಿ ಕೈಕಟ್ಟಿ ಕೂರುವುದಿಲ್ಲ. ಕೋರ್ಟಿಗೆ ಹೋಗುತ್ತಾನೆ. ಇದನ್ನು ನಾವು ಮರೆಯುತ್ತೇವೆ. ಬಡವನಿಗೆ ಕಾನೂನು ಗೊತ್ತಿಲ್ಲ, ಅವನು ಪ್ರಯತ್ನವೇ ಮಾಡುವುದಿಲ್ಲ ಅನ್ನುವ ಮಾತು ಈ ಪ್ರಕರಣಕ್ಕೆ ಹೊಂದುವುದಿಲ್ಲ.

ಅವನು ಸೋತಿದ್ದು ಹೇಗೆ ಅನ್ನುವುದನ್ನು ಗಮನಿಸಿ. ಠಾಕೂರನ ಹೊಲದಲ್ಲಿ ದುಡಿದಾಗ ಅಲ್ಲಿಂದ ಕಾಳು ತಂದಿದ್ದೆಯಾ ಅನ್ನುವ ಪ್ರಶ್ನೆ ಬರುತ್ತದೆ. ತಂದಿದ್ದೆ ಅಂತ ಒಪ್ಪಿಕೊಳ್ಳುತ್ತಾನೆ. ಅವನ ಮನಸ್ಸಿನಲ್ಲಿ ಅದು ಕೆಲಸಕ್ಕೆ ಪ್ರೀತಿಯಿಂದ ಕೊಟ್ಟ ಮೇಲಿನ ಕಾಳು. ಕೋರ್ಟಿನ ಕಿವಿಗೆ ಅದು ಕೂಲಿ. ಕೂಲಿ ಆಗಲೇ ಮುಟ್ಟಿದೆ, ಅಂದ ಮೇಲೆ ಆ ದುಡಿಮೆಯಿಂದ ಸಾಲ ತೀರಿತು ಅನ್ನುವ ವಾದ ನಿಲ್ಲುವುದಿಲ್ಲ. ಕೇಸು ಬಿದ್ದುಹೋಗುತ್ತದೆ. ಒಂದು ಸುಳ್ಳು ಹೇಳಿದ್ದರೆ ಗೆಲ್ಲುತ್ತಿದ್ದನೇನೋ. ಅವನು ನಿಜ ಹೇಳಿದ.

ಇಲ್ಲಿ ನನ್ನ ಸಿಟ್ಟು ಠಾಕೂರನಿಗಿಂತ ಆ ಕಟಕಟೆಯ ಮೇಲೆ ಜಾಸ್ತಿ. 1918ರಿಂದಲೇ ವಿಪರೀತ ಬಡ್ಡಿಯ ಸಾಲಗಳ ಬಗ್ಗೆ ಒಂದು ಕಾಯ್ದೆ ಇತ್ತು. ಬಡ್ಡಿ ಅತಿಯಾಗಿದೆ, ವ್ಯವಹಾರ ನ್ಯಾಯವಾಗಿಲ್ಲ ಅನ್ನಿಸಿದರೆ ಕೋರ್ಟು ಹಳೇ ಲೆಕ್ಕವನ್ನು ಮತ್ತೆ ಬಿಚ್ಚಿ ನೋಡಬಹುದು ಅಂತ ಅದರಲ್ಲಿದೆ. ಅಂದರೆ ದಾರಿ ಇತ್ತು. ಆದರೆ ಆ ದಾರಿ ಕೇಳುವವನು ಬೇಕು, ಲೆಕ್ಕ ಅನುಮಾನ ಹುಟ್ಟಿಸುವಂತಿದೆ ಅಂತ ತೋರಿಸುವ ವಕೀಲ ಬೇಕು. ಶಂಭುವಿನ ಹತ್ತಿರ ಇದ್ದದ್ದು ಅವನ ನೆನಪು ಮತ್ತು ಮಗ ಹಾಕಿದ ಕೂಡುವ ಲೆಕ್ಕ. ಒಂದು ರಸೀದಿ ಇಲ್ಲ. ರಸೀದಿ ಕೊಡಿ ಅಂತ ಧಣಿಯನ್ನು ಕೇಳುವ ಧೈರ್ಯ ಯಾವ ಆಳಿಗೆ ಇರುತ್ತದೆ, ಹೇಳಿ?

ತೀರ್ಪು: 235 ರೂಪಾಯಿ ಚಿಲ್ಲರೆಯನ್ನು ಮೂರು ತಿಂಗಳಲ್ಲಿ ಕಟ್ಟಬೇಕು, ಇಲ್ಲವಾದರೆ ಜಮೀನು ಹರಾಜು.

ದಿನಕ್ಕೆ 2 ರೂಪಾಯಿ 10 ಆಣೆ

ಮೂರು ತಿಂಗಳು ಕೇಳಲು ದಯೆಯ ಹಾಗಿದೆ. ಲೆಕ್ಕ ಹಾಕಿ ನೋಡಿದರೆ ಅದು ದಯೆ ಅಲ್ಲ. 90 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 2 ರೂಪಾಯಿ 10 ಆಣೆ. ಇದು ಗಳಿಕೆ ಅಲ್ಲ, ಉಳಿಕೆ. ಊಟ, ಇರುವ ಜಾಗದ ಬಾಡಿಗೆ ಎಲ್ಲಾ ಕಳೆದು ಮೇಲೆ ಇಷ್ಟು ಮಿಗಬೇಕು, ತಪ್ಪದೆ, ಪ್ರತಿದಿನ. ಒಂದು ವಾರ ಜ್ವರ ಬಂದು ಮಲಗಿದರೆ ಉಳಿದ ದಿನಗಳಲ್ಲಿ ಅದು 2 ರೂಪಾಯಿ 13 ಆಣೆಯನ್ನೂ ದಾಟುತ್ತದೆ. ಬೆಳೆಯಿಂದ ತೀರಿಸೋಣ ಅಂದರೆ, ಮಳೆ ಈಗಷ್ಟೇ ಬಂದಿದೆ. ಬಿತ್ತಿ, ಬೆಳೆದು, ಕೊಯ್ದು ಮಾರುವುದಕ್ಕೆ ಪೈರಿಗೆ ಅದರದೇ ಕಾಲ ಬೇಕು. ಕೋರ್ಟಿನ ಕ್ಯಾಲೆಂಡರಿಗೂ ಹೊಲದ ಕ್ಯಾಲೆಂಡರಿಗೂ ತಾಳ ಕೂಡುವುದಿಲ್ಲ. ಈ ಪ್ರಕರಣದ ತಿರುಳು ನನಗೆ ಸಿಕ್ಕಿದ್ದು ಇಲ್ಲೇ. ಮಳೆ ಬಂದು ಭೂಮಿ ಹಸಿಯಾಗಿದೆ, ಅದನ್ನು ಉಳುವವನು ಮಾತ್ರ ಕಾಸಿಗಾಗಿ ಊರು ಬಿಡಬೇಕು. ಬರದಲ್ಲಿ ಗುಳೆ ಹೋಗುವುದು ನಮಗೆ ಗೊತ್ತು. ಶಂಭು ಗುಳೆ ಹೋಗುವುದು ಹದ ಬಂದಾಗ.

ಕಲ್ಕತ್ತಾಗೆ ಹೋಗು, ಅಲ್ಲಿ ದುಡ್ಡಿದೆ ಅಂತ ಊರಿನವರೊಬ್ಬರು ಹೇಳುತ್ತಾರೆ. ಬಸುರಿ ಪಾರೋಗೆ ಮನಸ್ಸಿಲ್ಲ. ಶಂಭು ಹೊರಡುತ್ತಾನೆ. ಕನ್ಹಯ್ಯಾ ಹೇಳದೆ ಕೇಳದೆ ರೈಲಿನಲ್ಲಿ ಅಡಗಿ ಕೂತು ಜೊತೆಗೆ ಬಂದುಬಿಡುತ್ತಾನೆ. ಲೆಕ್ಕದ ದೃಷ್ಟಿಯಿಂದ ಇನ್ನೊಂದು ಹೊಟ್ಟೆ. ಅಪ್ಪನ ದೃಷ್ಟಿಯಿಂದ, ಪಟ್ಟಣದಲ್ಲಿ ಅವನಿಗೆ ಇರುವ ಒಂದೇ ಆಸರೆ.

ಮೊದಲ ರಾತ್ರಿಯೇ ಫುಟ್‌ಪಾತ್ ಮೇಲೆ ಮಲಗಿದವರ ಗಂಟು ಕಳುವಾಗುತ್ತದೆ. ಹುಡುಗನಿಗೆ ಕಾಯಿಲೆ. ಒಂದು ಕೊಳೆಗೇರಿಯಲ್ಲಿ ಜಾಗ ಸಿಗುತ್ತದೆ. ಅಲ್ಲಿನ ಮನೆಯೊಡತಿಯ ಬಾಯಿ ಜೋರು, ಮನಸ್ಸು ಮೆದು. ಶಂಭು ಮೊದಲು ಮೂಟೆ ಹೊರುತ್ತಾನೆ, ಆಮೇಲೆ ಕೈಯಲ್ಲಿ ಎಳೆಯುವ ರಿಕ್ಷಾ ಹಿಡಿಯುತ್ತಾನೆ. ಕನ್ಹಯ್ಯಾ ಬೂಟ್ ಪಾಲಿಶ್ ಹುಡುಗರ ಜೊತೆ ಸೇರುತ್ತಾನೆ. ಆ ಹುಡುಗರ ನಾಯಕ ಲಾಲೂ ಉಸ್ತಾದ್ ಆಗಿ ಮುಂದೆ ದೊಡ್ಡ ಹಾಸ್ಯನಟ ಆದ ಜಗದೀಪ್ ಇದ್ದಾರೆ, ಆಗಿನ್ನೂ ಹುಡುಗ. ಬಡವರು ಬಡವರಿಗೆ ಜಾಗ ಮಾಡಿಕೊಡುವ ಈ ಭಾಗದಲ್ಲಿ ಸಿನಿಮಾ ಸ್ವಲ್ಪ ಉಸಿರಾಡುತ್ತದೆ. ದುಡ್ಡೂ ನಿಧಾನಕ್ಕೆ ಕೂಡುತ್ತದೆ. ಇದು ಮುಖ್ಯ: ಶಂಭು ಸೋಮಾರಿಯಾಗಿ ಸೋಲಲಿಲ್ಲ, ಕುಡಿದು ಸೋಲಲಿಲ್ಲ. ಅವನ ಯೋಜನೆ ನಡೆಯುತ್ತಿತ್ತು.

ಚಕ್ರ ಕಳಚಿದ ದಿನ

ಗಡುವು ಹತ್ತಿರ ಬಂದ ಹಾಗೆ ಅವನು ವೇಗ ಹೆಚ್ಚಿಸುತ್ತಾನೆ. ಚಿತ್ರದ ತೀರಾ ಹೆಸರಾದ ದೃಶ್ಯ ಇದು. ಇನ್ನೊಂದು ಗಾಡಿಯನ್ನು ಹಿಡಿಯಬೇಕು, ಓಡು, ಜಾಸ್ತಿ ಕೊಡುತ್ತೇನೆ ಅಂತ ಮೇಲೆ ಕೂತವನು ಹೇಳುತ್ತಾನೆ. ಓಡಿದ ಹಾಗೆ ದರ ಏರುತ್ತದೆ. ಶಂಭು ಓಡುತ್ತಾನೆ. ಕ್ಯಾಮೆರಾ ಅವನ ಕಾಲು, ಚಕ್ರ, ಅವನ ಮುಖ ತೋರಿಸುತ್ತದೆ. ಕುದುರೆ ಓಡುವ ಹಾಗೆ ಒಬ್ಬ ಮನುಷ್ಯ ಓಡುತ್ತಿದ್ದಾನೆ. ಮೇಲಿರುವವರಿಗೆ ಅದು ಆಟ. ಅವನಿಗೆ ಪ್ರತಿ ಹೆಜ್ಜೆಯೂ 26 ಗುಂಟೆಯ ಒಂದೊಂದು ಚೂರು. ಒಂದು ಚಕ್ರ ಕಳಚಿ ಹೋಗುತ್ತದೆ. ಶಂಭು ಬಿದ್ದು ಹಾಸಿಗೆ ಹಿಡಿಯುತ್ತಾನೆ.

ಇಲ್ಲಿಂದ ಪ್ರಕರಣ ಬಿರುಸಾಗಿ ಇಳಿಯುತ್ತದೆ. ಅಪ್ಪನ ಸ್ಥಿತಿ ನೋಡಲಾಗದೆ ಕನ್ಹಯ್ಯಾ ಕಳ್ಳತನಕ್ಕೆ ಇಳಿಯುತ್ತಾನೆ. ಗೊತ್ತಾದಾಗ ಶಂಭು ಕುಸಿಯುತ್ತಾನೆ. ಜಮೀನಿಗಾಗಿ ಏನು ಬೇಕಾದರೂ ಮಾಡುವವನು, ಮಗ ಕದ್ದ ದುಡ್ಡನ್ನು ಮಾತ್ರ ಮುಟ್ಟುವುದಿಲ್ಲ. ಕೋರ್ಟಿನಲ್ಲಿ ನಿಜ ಹೇಳಿದ ಅದೇ ಮನುಷ್ಯ ಇವನು. ಅಲ್ಲಿ ಅದರ ಬೆಲೆ ಕಟ್ಟಿದ್ದ, ಇಲ್ಲೂ ಕಟ್ಟುತ್ತಾನೆ.

ಊರಲ್ಲಿ ಸುದ್ದಿ ಇಲ್ಲದೆ ಪಾರೋ ಒದ್ದಾಡುತ್ತಾಳೆ. ಕೊನೆಗೆ ತಾನೇ ಕಲ್ಕತ್ತಾಗೆ ಬರುತ್ತಾಳೆ. ದಾರಿ ತೋರಿಸುತ್ತೇನೆ ಅಂದವನೊಬ್ಬ ಮೋಸ ಮಾಡಲು ನೋಡುತ್ತಾನೆ. ತಪ್ಪಿಸಿಕೊಂಡು ಓಡುವಾಗ ಕಾರಿಗೆ ಸಿಗುತ್ತಾಳೆ. ಜನ ರಿಕ್ಷಾ ಕೂಗುತ್ತಾರೆ. ಬಂದ ರಿಕ್ಷಾ ಶಂಭುವಿನದು.

ಆ ಕಾಕತಾಳೀಯ ಸ್ವಲ್ಪ ಜಾಸ್ತಿಯಾಯಿತು, ಒಪ್ಪುತ್ತೇನೆ. ಇಷ್ಟು ದೊಡ್ಡ ಪಟ್ಟಣದಲ್ಲಿ ಗಂಡನ ರಿಕ್ಷಾವೇ ಬರಬೇಕಿತ್ತಾ? ಆದರೆ ಲೆಕ್ಕದ ಕಣ್ಣಿನಿಂದ ನೋಡಿದರೆ ಅಪಘಾತ ಹೇಗಾಯಿತು ಅನ್ನುವುದು ದೊಡ್ಡ ವಿಷಯ ಅಲ್ಲ. ಹಾವು ಕಚ್ಚಬಹುದಿತ್ತು, ಹೆರಿಗೆ ಕಷ್ಟವಾಗಬಹುದಿತ್ತು, ಅಪ್ಪ ಹಾಸಿಗೆ ಹಿಡಿಯಬಹುದಿತ್ತು. ದಿನಕ್ಕೆ 2 ರೂಪಾಯಿ 10 ಆಣೆ ತಪ್ಪದೆ ಉಳಿಸಲೇಬೇಕಾದ ಸಂಸಾರಕ್ಕೆ ಒಂದೇ ಒಂದು ಆಸ್ಪತ್ರೆ ಖರ್ಚು ಸಾಕು. ಕೂಡಿಟ್ಟಿದ್ದೆಲ್ಲ ಪಾರೋ ಜೀವಕ್ಕೆ ಹೋಗುತ್ತದೆ. ಜಮೀನು ಬೇಕಾ, ಹೆಂಡತಿ ಬೇಕಾ ಅಂತ ಶಂಭು ಒಂದು ಕ್ಷಣವೂ ಯೋಚಿಸುವುದಿಲ್ಲ. ಗಡುವು ಮುಗಿಯುತ್ತದೆ. ಹರಾಜಿನಲ್ಲಿ ಜಮೀನು ಠಾಕೂರನ ಪಾಲಾಗುತ್ತದೆ.

ಇದು ಬರೀ ಕಥೆಯಾ?

ಹೆಸರು ಬಂದಿದ್ದು ರವೀಂದ್ರನಾಥ ಟ್ಯಾಗೋರರ ‘ದುಯಿ ಬಿಘಾ ಜೋಮಿ’ ಕವಿತೆಯಿಂದ. ಅದರಲ್ಲಿ ಉಪೇನ್ ಅನ್ನುವ ಬಡವನ ಎರಡು ಬಿಘಾ ಜಮೀನ್ದಾರನಿಗೆ ತೋಟ ಚೌಕವಾಗಿ ಕಾಣಲು ಬೇಕು. ಅಲ್ಲೂ ಸುಳ್ಳು ಸಾಲದ ಪತ್ರ, ಅಲ್ಲೂ ಡಿಕ್ರಿ. ಎಷ್ಟೋ ವರ್ಷದ ಮೇಲೆ ಊರಿಗೆ ಬಂದ ಉಪೇನ್ ತನ್ನದೇ ಮಾವಿನ ಮರದಿಂದ ಉದುರಿದ ಎರಡು ಹಣ್ಣು ಎತ್ತಿಕೊಂಡಿದ್ದಕ್ಕೆ ಕಳ್ಳ ಅನ್ನಿಸಿಕೊಳ್ಳುತ್ತಾನೆ. ಸಿನಿಮಾದ ಕಥೆ ಸಲಿಲ್ ಚೌಧರಿ ಅವರದು, ಸಂಗೀತವೂ ಅವರದೇ. ಚಿತ್ರಕಥೆ ಹೃಷಿಕೇಶ್ ಮುಖರ್ಜಿ. ನಿರ್ದೇಶಕ ಬಿಮಲ್ ರಾಯ್ ಕಲ್ಕತ್ತಾದ ನ್ಯೂ ಥಿಯೇಟರ್ಸ್‌ನಲ್ಲಿ ಪಳಗಿದವರು. 1952ರಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅವರು ಇಟಲಿಯ ‘ಬೈಸಿಕಲ್ ಥೀವ್ಸ್’ ನೋಡಿ ಅಲುಗಾಡಿ ಹೋಗಿದ್ದರು. ಬೀದಿಗೆ ಕ್ಯಾಮೆರಾ ಇಳಿಸುವ ಧೈರ್ಯ ಅಲ್ಲಿಂದಲೂ ಬಂದಿರಬೇಕು. ಮೊದಲ ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶಕ ಎರಡೂ ಇದಕ್ಕೇ ಬಂದವು. 1954ರಲ್ಲಿ ಕಾನ್ ಚಿತ್ರೋತ್ಸವದಲ್ಲೂ ಪ್ರಶಸ್ತಿ ಸಿಕ್ಕಿತು.

ಇದೆಲ್ಲಕ್ಕಿಂತ ನನಗೆ ದೊಡ್ಡದು, ಶಂಭುವಿನ ಪಾತ್ರ ಮಾಡಿದ ಬಲರಾಜ್ ಸಾಹನಿ ಕಲ್ಕತ್ತಾದಲ್ಲಿ ಕಂಡ ಮನುಷ್ಯ. ಸಾಹನಿ ಲಾಹೋರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರು, ಶಾಂತಿನಿಕೇತನದಲ್ಲಿ ಪಾಠ ಹೇಳಿದವರು, ಲಂಡನ್ನಿನಲ್ಲಿ ಬಿಬಿಸಿಗೆ ಕೆಲಸ ಮಾಡಿದವರು. ಇವರು ರೈತ ಆಗಲು ಸಾಧ್ಯವಾ ಅನ್ನುವ ಅನುಮಾನ ಸುತ್ತಲಿನವರಿಗೂ ಇತ್ತು, ಅವರಿಗೂ ಇತ್ತು. ಬೀದಿಯಲ್ಲಿ ನಿಜವಾಗಿ ರಿಕ್ಷಾ ಎಳೆದು ಕಲಿತರು. ಆದರೂ ಒಂದು ಹಂತದಲ್ಲಿ ಧೈರ್ಯ ಕುಸಿಯಿತು. ಆಗ ಬಿಹಾರದಿಂದ ಬಂದ ನಡುವಯಸ್ಸಿನ ಒಬ್ಬ ರಿಕ್ಷಾ ಎಳೆಯುವವನು ಹತ್ತಿರ ಬಂದ. ಸಾಹನಿ ಅವನಿಗೆ ಸಿನಿಮಾದ ಕಥೆ ಹೇಳಿದರು. ಕೇಳಿದ ಅವನ ಕಣ್ಣಲ್ಲಿ ನೀರು. ಅವನಿಗೂ ಊರಲ್ಲಿ ಎರಡು ಬಿಘಾ ಜಮೀನಿತ್ತು. 15 ವರ್ಷದ ಹಿಂದೆ ಅದು ಜಮೀನ್ದಾರನಿಗೆ ಒತ್ತೆ ಬಿದ್ದಿತ್ತು. ಅದನ್ನು ಬಿಡಿಸಿಕೊಳ್ಳಲು ಅವನು ಅಂದಿನಿಂದ ರಿಕ್ಷಾ ಎಳೆಯುತ್ತಲೇ ಇದ್ದ. ಆ ಮೇಲೆ ಸಾಹನಿ ನಟನೆಯ ಪುಸ್ತಕಗಳನ್ನು ಬದಿಗಿಟ್ಟು ಆ ಮನುಷ್ಯನನ್ನು ಒಳಗೆ ಇಟ್ಟುಕೊಂಡರು.

15 ವರ್ಷ. ಕೋರ್ಟು ಶಂಭುವಿಗೆ ಕೊಟ್ಟಿದ್ದು 90 ದಿನ.

ಚಿತ್ರದ ಕೊನೆಗೆ ಮೂವರೂ ಊರಿಗೆ ವಾಪಸು ಬರುತ್ತಾರೆ. ಅವರ ಹೊಲದ ಸುತ್ತ ಬೇಲಿ, ಒಳಗೆ ಮಿಲ್ಲಿನ ಕೆಲಸ ಶುರುವಾಗಿದೆ. ಶಂಭು ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಳ್ಳುತ್ತಾನೆ. ಕಾವಲುಗಾರ ನೋಡಿಬಿಡುತ್ತಾನೆ, ಏನೋ ಕದ್ದ ಅಂದುಕೊಂಡು ಗದರುತ್ತಾನೆ. ಶಂಭು ಮುಷ್ಟಿ ಬಿಚ್ಚುತ್ತಾನೆ. ಮಣ್ಣು ಉದುರುತ್ತದೆ. ಆ ಕಾವಲುಗಾರನ ಮೇಲೆ ನನಗೆ ಸಿಟ್ಟು ಬರಲಿಲ್ಲ. ತಿಂಗಳ ಸಂಬಳಕ್ಕೆ ಬಿಸಿಲಲ್ಲಿ ನಿಂತವನು ಅವನು. ನಾನು ನೋಡುತ್ತಿದ್ದುದು ಕನ್ಹಯ್ಯಾನನ್ನು. ಅಪ್ಪನ ಪಕ್ಕದಲ್ಲಿ ಕೂತು 65 ರೂಪಾಯಿ ಅಂತ ಲೆಕ್ಕ ಕೂಡಿದ್ದ ಹುಡುಗ ಈಗ ಅಪ್ಪ ಅಮ್ಮನ ಜೊತೆ ಅಲ್ಲಿಂದ ನಡೆದು ಹೋಗುತ್ತಿದ್ದಾನೆ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಕೋರ್ಟಿನಲ್ಲಿ ಅವನನ್ನು ಯಾರೂ ಕೇಳಲಿಲ್ಲ.